ಭತ್ತ ಬಿಟ್ಟು ಬೇರೆ ಬೆಳೆ ಹಾಕಿದರೆ ಬೋರಿನ ನೀರು ಉಳಿಯುತ್ತಾ?

ಕನಕಗಿರಿ ಕಡೆ ಕಾಲುವೆ ಬಾರದ 5 ಎಕರೆ, 2 ಬೋರು, ಬೇಸಿಗೆಗೂ ಭತ್ತ, ನೀರು ವರ್ಷಾ ವರ್ಷಾ ಇಳೀತಿದೆ ಅಂತ ಬರೆದಿದ್ದೀರಿ. ಬೆಳೆ ಬದಲಿಸಿದರೆ ನೀರು ಉಳಿಯುತ್ತೆ. ಆದರೆ ನಾನು ಮಾಡಿದ ತಪ್ಪು ನೀವು ಮಾಡಬಾರದು.

ನಮ್ಮದು ಕುಷ್ಟಗಿ ಹತ್ತಿರ ಮಸಾರಿ, ಅಂದರೆ ಕೆಂಪು ಮಣ್ಣಿನ ಹೊಲ. ದಾಳಿಂಬೆಗೆ ಮೊದಲು ಹರಿನೀರು ಬಿಡ್ತಿದ್ದೆವು. ಡ್ರಿಪ್ ಹಾಕಿಸಿದ ಮೇಲೆ ನೀರು ಮಿಕ್ಕಿತು. ಮಿಕ್ಕಿದ್ದನ್ನು ನೆಲದಾಗೇ ಬಿಡೋದು ಬಿಟ್ಟು ಇನ್ನೂ 2 ಎಕರೆ ಗಿಡ ಹಚ್ಚಿದೆ. ಮೋಟರು ಓಡೋದು ಒಂದು ತಾಸೂ ಕಡಿಮೆ ಆಗಲಿಲ್ಲ. ಮೂರನೇ ಬೇಸಿಗೆಗೆ ಬೋರು ಬತ್ತಿ, ಕಾಯಿ ಹಿಡಿದ ಗಿಡ ಕಣ್ಣೆದುರೇ ಒಣಗಿದವು. ಜೋಳವಾದರೆ ನೀರಿಲ್ಲದ ವರ್ಷ ಬಿತ್ತದೇ ಇರಬಹುದು. ನೆಟ್ಟ ಗಿಡಕ್ಕೆ ಹಾಗನ್ನೋಕೆ ಆಗಲ್ಲರೀ.

ಲೆಕ್ಕ ನೋಡಿ. ಒಂದು ಎಕರೆಗೆ 1 ಮಿ.ಮೀ. ನೀರು ಅಂದರೆ ಸುಮಾರು 4,000 ಲೀಟರ್. ಭತ್ತಕ್ಕೆ 1,200 ಮಿ.ಮೀ. ಹಿಡಿದರೂ 48 ಲಕ್ಷ ಲೀಟರ್ ಆಯ್ತು. ಶೇಂಗಾ, ಜೋಳಕ್ಕೆ 500ರ ಆಸುಪಾಸು ಸಾಕು. ನಮ್ಮ ಕೊಪ್ಪಳ ಜಿಲ್ಲೆಗೆ ವರ್ಷಪೂರ್ತಿ ಬೀಳೋ ಮಳೆಯೇ 600 ಮಿ.ಮೀ. ಸುತ್ತಮುತ್ತ, ಅದರಲ್ಲಿ ಇಂಗೋದು ಸಣ್ಣ ಪಾಲು. ಮಡಿಯಲ್ಲಿ ನಿಂತ ನೀರೂ ಒಂದಷ್ಟು ವಾಪಸ್ ಇಂಗುತ್ತೆ, ಅದು ನಿಜ. ಆದರೆ ಬೇಸಿಗೆ ಬಿಸಿಲಿಗೆ ಆವಿಯಾಗಿ ಹೋಗಿದ್ದು ಬರಲ್ಲ. ಕೆಳಗಿರೋದು ಗಟ್ಟಿ ಕಲ್ಲು, ನೀರಿರೋದು ಬಿರುಕಿನಲ್ಲಿ. ಆಳಕ್ಕೆ ಕೊರೆಸಿದಷ್ಟೂ ನೀರು ಸಿಗುತ್ತೆ ಅನ್ನೋ ಮಾತು ನಂಬಬೇಡಿ.

ಮೊದಲು ಬೇಸಿಗೆ ಭತ್ತ ನಿಲ್ಲಿಸಿ. ಮುಂಗಾರಿಗೆ ಸಜ್ಜೆ, ನಡುವೆ ತೊಗರಿ ಅಕ್ಕಡಿ ಸಾಲು. ತೊಗರಿ ಬೇರು ಆಳಕ್ಕಿಳಿಯುತ್ತೆ, ಮಳೆ ಕೈಕೊಟ್ಟರೂ ತಡೀತದೆ. ಹಿಂಗಾರಿಗೆ ಒಂದೆಕರೆ ಬಿಳಿಜೋಳ, ಕಣಕಿ ದನಕ್ಕಾಗುತ್ತೆ. ಆಮೇಲೆ ಬೋರಿಗೆ ತಾಕತ್ತಿದ್ದಷ್ಟು ಮಾತ್ರ ಶೇಂಗಾ. ಭತ್ತದಷ್ಟು ರೊಕ್ಕ ಕೆಲವು ವರ್ಷ ಬರದೇ ಇರಬಹುದು. ಆದರೆ ಹೊಸ ಬೋರಿನ ಸಾಲವನ್ನೂ ಆ ಲೆಕ್ಕಕ್ಕೆ ಸೇರಿಸಿ ನೋಡಿ.

ಬೋರಿನ ತಾಕತ್ತು ತಿಳಿಯೋಕೆ ಮೋಟರು ಹಾಕಿದ ಮೇಲೆ ಎಷ್ಟು ತಾಸಿಗೆ ನೀರು ಕಡಿದು ಗಾಳಿ ಬರುತ್ತೆ ಅಂತ ವಾರಕ್ಕೊಮ್ಮೆ ಬರೆದಿಡಿ. ಆ ತಾಸು ಕುಗ್ಗುತ್ತಾ ಬಂದರೆ ಎಕರೆಯನ್ನೂ ಕುಗ್ಗಿಸಿ. ಪಕ್ಕದ ಹೊಲದವರ ಜೊತೆಗೂ ಈಗಲೇ ಕೂತು ಮಾತಾಡಿ. ನೀವು ಎತ್ತದೆ ನೆಲದಾಗೇ ಬಿಟ್ಟ ನೀರು ಅದೇ ಬಿರುಕಿನಲ್ಲಿ ಅವರ ಬೋರಿಗೆ ಹೋಗಬಹುದು, ಅವರು ಅದಕ್ಕೆ ಭತ್ತ ನಾಟಿ ಮಾಡಿದರೆ ನಿಮ್ಮ ಬೋರು ಇಳಿಯೋದು ನಿಲ್ಲಲ್ಲ.