ಬೋರ್ಡೋ ಕೆಂಪು ವೈನಿನ ಮಿಶ್ರಣವನ್ನು ರುಚಿ ನೋಡಿ ಅರಿಯುವುದು ಹೇಗೆ?

ಬೋರ್ಡೋ ಬಾಟಲಿಗಳ ಮೇಲೆ ಸಾಮಾನ್ಯವಾಗಿ ದ್ರಾಕ್ಷಿಯ ಹೆಸರೇ ಇರುವುದಿಲ್ಲವಾದ್ದರಿಂದ, ಒಳಗೆ ಯಾವ ತಳಿಗಳು ಸೇರಿವೆ ಎಂಬುದನ್ನು ರುಚಿಯಿಂದ ಗುರುತಿಸುವುದು ಹೇಗೆಂದು ತಾವು ಕೇಳಿದ್ದೀರಿ. ತಳಿಗಳನ್ನು ಒಂದೊಂದಾಗಿ ಹುಡುಕುವುದಕ್ಕಿಂತ, ಅವುಗಳನ್ನು ಏಕೆ ಬೆರೆಸುತ್ತಾರೆ ಎಂಬುದನ್ನು ಮೊದಲು ತಿಳಿಯುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಬೋರ್ಡೋ ಅಟ್ಲಾಂಟಿಕ್ ಸಾಗರಕ್ಕೆ ಹತ್ತಿರದ, ಫ್ರಾನ್ಸಿನ ಒಂದು ಸೀಮೆ. ಚಿಗುರುವ ಕಾಲದಲ್ಲಿ ಕೊರೆಯುವ ಚಳಿ, ಹೂಬಿಡುವಾಗ ಇಲ್ಲವೇ ಕೊಯ್ಲಿನ ಹೊತ್ತಿಗೆ ಮಳೆ, ಇವುಗಳಲ್ಲಿ ಯಾವುದು ಯಾವ ವರ್ಷ ಕಾಡುತ್ತದೆಂದು ಹೇಳಲಾಗದು. ಮೆರ್ಲೋ ಎಂಬ ತಳಿ ಬೇಗ ಚಿಗುರಿ ಬೇಗ ಮಾಗುತ್ತದೆ. ಕ್ಯಾಬರ್ನೆ ಸೋವಿನ್ಯೋನ್ ಮಾಗುವುದು ಅದಕ್ಕಿಂತ ಒಂದೆರಡು ವಾರ ತಡ. ಒಂದು ಕೈಕೊಟ್ಟರೆ ಇನ್ನೊಂದು ಉಳಿಯಲಿ ಎಂದು ಬೆಳೆಗಾರರು ಎರಡನ್ನೂ ನೆಡುತ್ತ ಬಂದರು. ಪ್ರತಿ ತಳಿಯ ರಸವನ್ನು ಬೇರೆಯಾಗಿಯೇ ಹುದುಗಿಸಿ, ಬಳಿಕ ರುಚಿ ನೋಡುತ್ತ ಬೆರೆಸುವುದರಿಂದ, ಒಂದೇ ತೋಟದ ವೈನಿನಲ್ಲೂ ತಳಿಗಳ ಪ್ರಮಾಣ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ.

ಇನ್ನೊಂದು ಕಾರಣ ಮಣ್ಣು. ಗರೋನ್ ಮತ್ತು ದೋರ್ದೋನ್ ನದಿಗಳು ಕೂಡಿ ಜಿರೋಂದ್ ಎಂಬ ಅಳಿವೆಯಾಗುತ್ತವೆ. ಅದರ ಎಡದಂಡೆಯ ಮೆಡೋಕ್ ಪ್ರದೇಶದ ಗರಸು ನೆಲ ನೀರನ್ನು ಬೇಗ ಬಸಿದು ಬಿಸಿಲಿನ ಕಾವನ್ನು ಹಿಡಿದಿಡುವುದರಿಂದ, ತಡವಾಗಿ ಮಾಗುವ ಕ್ಯಾಬರ್ನೆ ಸೋವಿನ್ಯೋನಿಗೆ ಅದು ಒಗ್ಗುತ್ತದೆ. ದೋರ್ದೋನ್ ನದಿಯ ಬಲದಂಡೆಯ ಸೇಂತ್ ಎಮಿಲಿಯೋನ್ ಮತ್ತು ಪೊಮೆರೋಲ್‌ಗಳಲ್ಲಿ ತಂಪು ಜೇಡಿಮಣ್ಣು ಹೆಚ್ಚು, ಸೇಂತ್ ಎಮಿಲಿಯೋನ್‌ನಲ್ಲಿ ಸುಣ್ಣಕಲ್ಲೂ ಇದೆ. ಅಲ್ಲಿ ಮೆರ್ಲೋವಿನದೇ ಮೇಲುಗೈ. ಹೀಗಾಗಿ ಲೇಬಲ್ಲಿನಲ್ಲಿರುವ ಊರಿನ ಹೆಸರೇ ತಳಿಯ ಸುಳಿವು. ಆದರೆ ಇದನ್ನು ಕಟ್ಟುನಿಟ್ಟಿನ ನಿಯಮವೆಂದು ತಿಳಿಯಬೇಡಿ: ಸೇಂತ್ ಎಮಿಲಿಯೋನ್‌ನ ಶೆವಾಲ್ ಬ್ಲಾಂಕ್ ತೋಟದ ವೈನಿನಲ್ಲಿ ಕ್ಯಾಬರ್ನೆ ಫ್ರಾಂಕ್ ಎಂಬ ಇನ್ನೊಂದು ತಳಿಗೆ ದೊಡ್ಡ ಪಾಲಿದೆ.

ರುಚಿ ನೋಡುವಾಗ ಒಂದೇ ವರ್ಷದ, ಹೆಚ್ಚುಕಡಿಮೆ ಒಂದೇ ಬೆಲೆಯ ಎಡದಂಡೆಯ ಮತ್ತು ಬಲದಂಡೆಯ ಬಾಟಲಿಗಳನ್ನು ಅಕ್ಕಪಕ್ಕ ಇಟ್ಟುಕೊಳ್ಳಿ. ವೈನು 16ರಿಂದ 18 ಡಿಗ್ರಿ ಸೆಲ್ಸಿಯಸ್ ಇರಲಿ. ಬೆಚ್ಚಗಿನ ಕೋಣೆಯಲ್ಲಿಟ್ಟಿದ್ದರೆ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ, ಇಲ್ಲವಾದರೆ ಮದ್ಯಸಾರದ ಘಾಟೇ ಮುಂದಾಗುತ್ತದೆ. ಮೊದಲು ಗಮನಿಸಬೇಕಾದದ್ದು ಟ್ಯಾನಿನ್, ಅಂದರೆ ಒಗರು. ಕ್ಯಾಬರ್ನೆ ಹೆಚ್ಚಿರುವ ಎಳೆಯ ವೈನು, ಅಡಿಕೆ ಅಗಿದಾಗ ಆಗುವಂತೆ, ಒಸಡನ್ನು ಬಿಗಿಹಿಡಿಯುತ್ತದೆ, ಮತ್ತು ನುಂಗಿದ ಮೇಲೂ ಆ ಬಿಗಿ ಉಳಿಯುತ್ತದೆ. ಮೆರ್ಲೋ ಹೆಚ್ಚಿದ್ದರೆ ಬಾಯಿಯ ನಡುಭಾಗ ತುಂಬಿದಂತೆನಿಸಿ, ಒಗರು ಮೆತ್ತಗಾಗಿ, ಮಾಗಿದ ಹಣ್ಣಿನ ರುಚಿ ಮುಂದೆ ಬರುತ್ತದೆ. ಇವೆರಡರ ನಡುವೆ ತೆಳುವಾದ ಹೂವಿನ ಅಥವಾ ಹಸಿರೆಲೆಯ ಪರಿಮಳ ತೇಲಿದರೆ ಕ್ಯಾಬರ್ನೆ ಫ್ರಾಂಕ್ ಇರಬಹುದೆಂದು ಊಹಿಸಬಹುದು. ಬಣ್ಣಕ್ಕೂ ಖಾರದ ಘಮಕ್ಕೂ ಸ್ವಲ್ಪವೇ ಸೇರಿಸುವ ಪೆಟಿ ವರ್ಡೋವನ್ನು ನಾಲಿಗೆಯಿಂದ ಪತ್ತೆಹಚ್ಚಿದೆವೆನ್ನುವವರ ಮಾತನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ಫ್ರಾನ್ಸಿನದೇ ಆದ ದಕ್ಷಿಣ ರೋನ್ ಕಣಿವೆಯ ಮಿಶ್ರಣದ ತರ್ಕವೇ ಬೇರೆ. ಅಲ್ಲಿ ಬಿಸಿಲಿಗೆ ಕೊರತೆಯಿಲ್ಲ. ಗ್ರೆನಾಷ್ ತಳಿ ಚೆನ್ನಾಗಿ ಮಾಗಿ ಮದ್ಯಸಾರವನ್ನೂ ಹಣ್ಣಿನ ತುಂಬುತನವನ್ನೂ ಕೊಡುತ್ತದೆ, ಆದರೆ ಅದರ ಬಣ್ಣ ತೆಳು, ಮತ್ತು ಗಾಳಿ ಸೋಕಿದರೆ ಬೇಗ ಬಾಡುತ್ತದೆ. ಆ ಕೊರತೆಯನ್ನು ಸಿರಾ ತನ್ನ ಕಡುಬಣ್ಣ ಮತ್ತು ಮೆಣಸಿನ ಘಮದಿಂದಲೂ, ಮೂರ್ವೆದ್ರ್ ತನ್ನ ಒಗರಿನಿಂದಲೂ ತುಂಬುತ್ತವೆ.

ತಾವು ಕರ್ನಾಟಕದಲ್ಲಿದ್ದರೆ ನಂದಿ ಬೆಟ್ಟದ ಬಳಿಯ ಗ್ರೋವರ್ ಸಂಸ್ಥೆಯ ಲಾ ರಿಸರ್ವ್ ಕೆಂಪು ವೈನನ್ನೂ ಜೊತೆಗಿಟ್ಟು ನೋಡಬಹುದು. ಅದನ್ನು ರೂಪಿಸುವಲ್ಲಿ ಬೋರ್ಡೋದ ವೈನ್ ತಜ್ಞ ಮಿಶೆಲ್ ರೋಲಾಂ ಅವರ ಸಲಹೆಯಿತ್ತಾದರೂ, ಅದರಲ್ಲಿರುವುದು ಕ್ಯಾಬರ್ನೆ ಮತ್ತು ಶಿರಾಜ್, ಅಂದರೆ ಸಿರಾ. ಇಂದಿನ ಬೋರ್ಡೋ ನಿಯಮದಲ್ಲಿ ಈ ಜೋಡಿಗೆ ಅವಕಾಶವಿಲ್ಲ. ಆದರೆ 19ನೇ ಶತಮಾನದಲ್ಲಿ ಅಲ್ಲಿಯ ವರ್ತಕರು ಬಡಕಲು ವೈನಿಗೆ ಕಸುವು ತುಂಬಲು ರೋನ್ ಕಣಿವೆಯ ಎರ್ಮಿತಾಜ್‌ನಿಂದ ಸಿರಾ ವೈನನ್ನು ತರಿಸಿ ಸೇರಿಸುತ್ತಿದ್ದರು.