ಆ ಡಿವಿಡಿ ಪೆಟ್ಟಿಗೆಯನ್ನು ಗುಜರಿಗೆ ಹಾಕಬೇಡಿ

ಶಿವಮೊಗ್ಗದ ಓದುಗರೊಬ್ಬರು ಬರೆದಿದ್ದಾರೆ: "ಮನೆಗೆ ಸುಣ್ಣಬಣ್ಣ ಮಾಡಿಸುತ್ತಿದ್ದೇವೆ. ಅಟ್ಟದ ಮೇಲೆ ಒಂದು ಪೆಟ್ಟಿಗೆ ತುಂಬ ಟಿವಿ ಧಾರಾವಾಹಿಗಳ ಡಿವಿಡಿ ಸಿಕ್ಕಿವೆ, ಕೆಲವು ಹಳೇ ವಿಡಿಯೊ ಕ್ಯಾಸೆಟ್ ಕೂಡ ಇವೆ. ಮಗ ಗುಜರಿಗೆ ಹಾಕಿ ಅಂತಾನೆ. ಎಲ್ಲಾ ಫೋನಿನಲ್ಲೇ ಸಿಗುವಾಗ ಇವನ್ನು ಇಟ್ಟುಕೊಂಡು ಏನು ಮಾಡೋದು? ಟಿವಿಯಲ್ಲಿ ಪುಕ್ಕಟೆ ತೋರಿಸಿದ್ದನ್ನೇ ದುಡ್ಡಿಗೆ ಮಾರಿ ಕಂಪನಿಗಳು ನಮಗೆ ಟೋಪಿ ಹಾಕಿದವು ಅಂತ ಈಗ ಅನಿಸುತ್ತೆ. ನೀವೇನಂತೀರಿ?"

ನಿಮ್ಮ ಮಗ ಹೇಳುವುದರಲ್ಲಿ ಸುಳ್ಳಿಲ್ಲ. ಪೆಟ್ಟಿಗೆಗೆ ಜಾಗ ಬೇಕು, ಧೂಳು ಕೂರುತ್ತೆ, ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಹಾಕುವ ಜಾಗವೇ ಇಲ್ಲ. ಅಷ್ಟನ್ನು ಒಪ್ಪಿದೆ. ಆದರೆ ಟೋಪಿ ಅಂದಿರಲ್ಲ, ಅದಕ್ಕೆ ಮಾತ್ರ ಬೇಜಾರಾಯಿತು. ನೀವು ಮೋಸ ಹೋಗಿಲ್ಲ. ಒಳ್ಳೆಯ ಕೆಲಸವನ್ನೇ ಮಾಡಿದ್ದೀರಿ.

1995ರಲ್ಲಿ ಬ್ರಿಟನ್ನಿನ ಬಿಬಿಸಿ, ಜೇನ್ ಆಸ್ಟಿನ್ ಅವರ ಕಾದಂಬರಿ 'ಪ್ರೈಡ್ ಅಂಡ್ ಪ್ರೆಜುಡಿಸ್' ಅನ್ನು ಆರು ಕಂತಿನ ಧಾರಾವಾಹಿಯಾಗಿ ತೋರಿಸಿತು. ಕೊನೆಯ ಕಂತು ಪ್ರಸಾರವಾಗುವ ಮೊದಲೇ ಪೂರ್ತಿ ಕಥೆಯ ಕ್ಯಾಸೆಟ್ ಅಂಗಡಿಗೆ ಬಂತು. ಮೊದಲು ತಂದ 12,000 ಸೆಟ್ ಎರಡೇ ಗಂಟೆಯಲ್ಲಿ ಖಾಲಿ. ವಾರ ಮುಗಿಯುವಷ್ಟರಲ್ಲಿ 70,000 ಹೋಯಿತು. ಆ ಜನಕ್ಕೇನು ಟಿವಿ ಇರಲಿಲ್ಲವೇ? ಇತ್ತು. ಖಾಲಿ ಕ್ಯಾಸೆಟ್ ಹಾಕಿ ಮನೆಯಲ್ಲೇ ರೆಕಾರ್ಡ್ ಮಾಡಿಕೊಳ್ಳಬಹುದಿತ್ತು. ಆದರೂ ಕೊಂಡರು. ಇಷ್ಟಪಟ್ಟ ಕಥೆ ಕಪಾಟಿನಲ್ಲಿ ಪುಸ್ತಕದ ಪಕ್ಕ ಕೂತಿರಬೇಕು, ಬೇಕೆಂದಾಗ ಕೈಗೆ ಸಿಗಬೇಕು ಅನ್ನುವ ಆಸೆ ಅದು. ನಿಮಗೂ ಅವತ್ತು ಅದೇ ಆಸೆ ಇತ್ತು, ಅಲ್ವಾ?

ಹೀಗೆ ಮಾರುವ ದಾರಿ ಇಲ್ಲದ ಕಾಲದಲ್ಲಿ ಏನಾಗಿತ್ತು ಗೊತ್ತೇ? ಇದೇ ಬಿಬಿಸಿ 'ಡಾಕ್ಟರ್ ಹೂ' ಧಾರಾವಾಹಿಯ 1960ರ ದಶಕದ ಎಷ್ಟೋ ಕಂತುಗಳನ್ನು ಅಳಿಸಿಹಾಕಿತು. ಟೇಪ್ ದುಬಾರಿ, ಮತ್ತೆ ಬಳಸಬಹುದು. ನಟರ ಜೊತೆಗಿನ ಒಪ್ಪಂದದ ಪ್ರಕಾರ ಬೇಕಾದಷ್ಟು ಸಲ ಮರುಪ್ರಸಾರ ಮಾಡುವ ಹಾಗೂ ಇರಲಿಲ್ಲ. ಮನೆಮನೆಗೆ ಮಾರಬಹುದು ಅನ್ನುವ ಯೋಚನೆಯೇ ಯಾರಿಗೂ ಬಂದಿರಲಿಲ್ಲ. ಹಾಗಾಗಿ ಒಮ್ಮೆ ಪ್ರಸಾರವಾದ ಕಂತು ಉಪಯೋಗಕ್ಕೆ ಬಾರದ ಸರಕಾಯಿತು. 1983ರಲ್ಲಿ ಆ ಧಾರಾವಾಹಿಯ ಮೊದಲ ಕ್ಯಾಸೆಟ್ ಬಂತು, ಬೆಲೆ 39.95 ಪೌಂಡ್, ಆಗ ಅದು ಬಹಳ ದುಬಾರಿ. ಆಮೇಲೆ ಹಳೇ ಕಂತುಗಳಿಗೆ ಬೆಲೆ ಬಂತು. 1992ರ ಆರಂಭದಲ್ಲಿ ಕಳೆದೇ ಹೋಯಿತು ಅಂದುಕೊಂಡಿದ್ದ ಒಂದು ಕಥೆಯ ನಾಲ್ಕೂ ಕಂತು ಹಾಂಗ್‌ಕಾಂಗ್‌ನಿಂದ ವಾಪಸ್ ಬಂದಾಗ, ಕೆಲವೇ ತಿಂಗಳಲ್ಲಿ ಅವು ಕ್ಯಾಸೆಟ್ಟಾಗಿ ಜನರ ಕೈಯಲ್ಲಿದ್ದವು.

ಕ್ಯಾಸೆಟ್ಟಿಗೆ ಒಂದು ಕಷ್ಟವಿತ್ತು. ಒಂದರಲ್ಲಿ ಎರಡೋ ಮೂರೋ ಕಂತು ಹಿಡಿಯುತ್ತಿತ್ತು, ಇಡೀ ಸೀಸನ್ ಬೇಕೆಂದರೆ ಕಪಾಟೇ ತುಂಬಬೇಕು. ಡಿವಿಡಿ ಬಂದು ಪೂರ್ತಿ ಸೀಸನ್ ಒಂದು ಪುಟ್ಟ ಪೆಟ್ಟಿಗೆಗೆ ಇಳಿಯಿತು. ಅಮೆರಿಕದಲ್ಲಿ 'ಫೈರ್‌ಫ್ಲೈ' ಎಂಬ ಧಾರಾವಾಹಿಯ 14 ಕಂತು ಮಾಡಿದ್ದರು. ನೋಡುವವರು ಕಡಿಮೆ ಅಂತ 2002ರಲ್ಲಿ 11 ಕಂತಿಗೇ ಚಾನೆಲ್ ನಿಲ್ಲಿಸಿಬಿಟ್ಟಿತು. ಮರುವರ್ಷ ಹದಿನಾಲ್ಕೂ ಡಿವಿಡಿಯಲ್ಲಿ ಬಂದವು. ಜನ ಕೊಂಡರು, ಸ್ನೇಹಿತರಿಗೂ ಕೊಡಿಸಿದರು. 2005ರಲ್ಲಿ ಅದೇ ಕಥೆ 'ಸೆರೆನಿಟಿ' ಎಂಬ ಸಿನಿಮಾ ಆಗಿ ತೆರೆಗೆ ಬಂತು. ನಿಮ್ಮಂಥವರು ಅಂಗಡಿಗೆ ಹೋಗಿ ದುಡ್ಡು ಕೊಟ್ಟದ್ದರಿಂದ ಆದ ಕೆಲಸ ಅದು.

ನನ್ನ ಬೇಸರವೆಲ್ಲ ನಮ್ಮಲ್ಲಿ ಹೀಗೆ ಆಗಲಿಲ್ಲ ಅನ್ನುವುದು. ಸೋವಿ ಡಿಸ್ಕ್ ನಮ್ಮಲ್ಲೂ ಬಂತು. 2007ರಲ್ಲಿ ಮೋಸರ್ ಬೇರ್ ಕಂಪನಿ ವಿಸಿಡಿಗೆ 28 ರೂಪಾಯಿ, ಡಿವಿಡಿಗೆ 34 ರೂಪಾಯಿ ಇಟ್ಟಿತು. ಕಳ್ಳ ಡಿಸ್ಕ್ ಕೊಳ್ಳುವ ದುಡ್ಡಿಗೇ ಅಸಲಿ ಸಿಗುವಂತಾಯಿತು. ಆ ವರ್ಷಗಳಲ್ಲಿ ನಾನು ಊರಿನ ಒಂದು ಅಂಗಡಿಗೆ ಹೋಗಿ ಕನ್ನಡ ಧಾರಾವಾಹಿ ಯಾವುದಿದೆ ಅಂತ ಕೇಳಿದೆ. ಅಂಗಡಿಯವರು ರಾಜ್‌ಕುಮಾರ್, ವಿಷ್ಣುವರ್ಧನ್ ಸಿನಿಮಾಗಳ ಸಾಲು ತೋರಿಸಿ, "ಸೀರಿಯಲ್ ಯಾರ್ ಸಾರ್ ತಗೋತಾರೆ?" ಅಂದರು. ನಾನು ತಗೋತಿದ್ದೆ. ನನ್ನಂಥವರು ಊರಿಗೆ ಹತ್ತು ಜನ ಇರುತ್ತಿದ್ದರು. ನಮ್ಮನ್ನು ಕೇಳಿದವರು ಯಾರು? 1998ರಲ್ಲಿ ದೂರದರ್ಶನದಲ್ಲಿ ಬಂದ ಟಿ.ಎನ್. ಸೀತಾರಾಂ ಅವರ 'ಮಾಯಾಮೃಗ' ನೋಡಲು ನಮ್ಮ ಬೀದಿಯೇ ಬಾಗಿಲು ಹಾಕಿಕೊಳ್ಳುತ್ತಿತ್ತು. ಅದನ್ನು ಚಂದದ ಪೆಟ್ಟಿಗೆಯಲ್ಲಿಟ್ಟು, ಜೊತೆಗೆ ಕಲಾವಿದರ ಮಾತು, ಒಂದು ಪುಟ್ಟ ಪುಸ್ತಕ ಸೇರಿಸಿ ಮಾರಿದ್ದರೆ ನಮ್ಮ ಮನೆಯಲ್ಲಿ ಮದುವೆ ಉಡುಗೊರೆಗೆಲ್ಲ ಅದನ್ನೇ ಕೊಡುತ್ತಿದ್ದೆವು.

ಶಂಕರ್ ನಾಗ್ ಅವರ 'ಮಾಲ್ಗುಡಿ ಡೇಸ್' ಹಿಂದಿಯಲ್ಲಿದ್ದರೂ ನಮ್ಮದೇ. ಆಗುಂಬೆಯ ಬೀದಿಯನ್ನೇ ಮಾಲ್ಗುಡಿ ಮಾಡಿದ್ದರು. ಅದರ ಡಿವಿಡಿ ನನ್ನ ಹತ್ತಿರ ಇದೆ. ಮೊನ್ನೆ ಮಳೆಗೆ ಎರಡು ದಿನ ಇಂಟರ್‌ನೆಟ್ ಇರಲಿಲ್ಲ, ಅಣ್ಣನ ಮಕ್ಕಳು ಸ್ವಾಮಿಯ ಕಂತುಗಳನ್ನು ಸಾಲಾಗಿ ನೋಡಿದರು. ಜಾಹೀರಾತಿಲ್ಲ, "ಮುಂದಿನದು" ಅಂತ ಅವಸರ ಮಾಡುವ ಬಟನ್ ಇಲ್ಲ. ಒಂದು ಕಂತು ಮುಗಿದ ಮೇಲೆ ಅದರ ಬಗ್ಗೆ ಮಾತಾಡಿ, ಆಮೇಲೆ ಎದ್ದು ಇನ್ನೊಂದು ಹಾಕುತ್ತಿದ್ದರು.

ಇನ್ನು ಫೋನಿನಲ್ಲಿ ಎಲ್ಲಾ ಸಿಗುತ್ತೆ ಅನ್ನುವ ಮಾತು. ಇವತ್ತು ಸಿಗುತ್ತೆ ಅನ್ನಿ. 2022ರ ಡಿಸೆಂಬರಿನಲ್ಲಿ ಅಮೆರಿಕದ ಎಚ್‌ಬಿಒ ಮ್ಯಾಕ್ಸ್ ಎಂಬ ಆನ್‌ಲೈನ್ ವೇದಿಕೆ, ತಮ್ಮದೇ ಎಚ್‌ಬಿಒ ಚಾನೆಲ್ ಮಾಡಿದ 'ವೆಸ್ಟ್‌ವರ್ಲ್ಡ್' ಧಾರಾವಾಹಿಯನ್ನು ತಮ್ಮ ಪಟ್ಟಿಯಿಂದ ತೆಗೆದುಹಾಕಿತು. ತಿಂಗಳು ತಿಂಗಳು ದುಡ್ಡು ಕಟ್ಟಿದವರಿಗೆ ಹೇಳಲು ಏನೂ ಇರಲಿಲ್ಲ. ಡಿಸ್ಕ್ ಇಟ್ಟುಕೊಂಡವರು ಮನೆಯಲ್ಲಿ ಕೂತು ನೋಡಿದರು. ಬಾಡಿಗೆ ಮನೆಗೂ ಸ್ವಂತ ಮನೆಗೂ ಇರುವ ವ್ಯತ್ಯಾಸ ಸುಣ್ಣಬಣ್ಣ ಮಾಡಿಸುತ್ತಿರುವ ನಿಮಗೆ ನಾನು ಹೇಳಬೇಕೆ?

ನಮ್ಮ ಧಾರಾವಾಹಿಗಳು ಸಾವಿರ ಕಂತು ಎಳೆಯುವುದಕ್ಕೂ ಅವನ್ನು ಹೀಗೆ ಡಿಸ್ಕ್ ಮಾಡಿ ಮಾರದೇ ಹೋದದ್ದಕ್ಕೂ ಸಂಬಂಧವಿದೆ ಅಂತ ನನ್ನ ನಂಬಿಕೆ. ಸಂಜೆಯ ಜಾಹೀರಾತಿನ ದುಡ್ಡೊಂದೇ ಲೆಕ್ಕಕ್ಕೆ ಬಂದರೆ ಕಥೆ ಮುಗಿಸುವುದು ಯಾರಿಗೂ ಲಾಭವಲ್ಲ. ಮತ್ತೆ ನೋಡಲಿಕ್ಕೆ ಅಂತ ಒಬ್ಬರು ದುಡ್ಡು ಕೊಡಬೇಕಾದರೆ ಕಥೆಗೆ ಒಂದು ಕೊನೆ ಬೇಕು, ಬಿಗಿ ಬೇಕು. ಸಾವಿರ ಕಂತಿನ ಪೆಟ್ಟಿಗೆಯನ್ನು ಯಾರೂ ಮನೆಗೆ ಹೊತ್ತುಕೊಂಡು ಹೋಗುವುದಿಲ್ಲ.

ಈಗ ಪೆಟ್ಟಿಗೆ ವಿಷಯ. ಡಿಸ್ಕುಗಳನ್ನು ಒಂದರ ಮೇಲೊಂದು ಪೇರಿಸಬೇಡಿ, ಪುಸ್ತಕದ ಹಾಗೆ ನಿಲ್ಲಿಸಿ. ಮಲೆನಾಡಿನ ಮಳೆಗಾಲ ನಿಮ್ಮದು, ಕ್ಯಾಸೆಟ್‌ಗಳಿಗೆ ಬೂಷ್ಟು ಹಿಡಿಯುತ್ತೆ, ಅವನ್ನು ಮೊದಲು ಡಿಜಿಟಲ್ ಮಾಡಿಸಿ. ಅದರಲ್ಲಿ ಟಿವಿಯಿಂದ ನೀವೇ ರೆಕಾರ್ಡ್ ಮಾಡಿದ ಕನ್ನಡ ಧಾರಾವಾಹಿ ಏನಾದರೂ ಇದ್ದರೆ ದಯವಿಟ್ಟು ನಮಗೆ ಪಟ್ಟಿ ಬರೆದು ಕಳಿಸಿ. ಇಷ್ಟೆಲ್ಲ ಹೇಳಿದ ಮೇಲೂ ಜಾಗ ಇಲ್ಲ ಅನಿಸಿದರೆ ಗುಜರಿಗೆ ಮಾತ್ರ ಬೇಡ. ನಮ್ಮ ಕಚೇರಿಗೆ ಕಳಿಸಿಬಿಡಿ, ಸಾಗಿಸುವ ಖರ್ಚು ನಾವು ಕೊಡುತ್ತೇವೆ.