ತಮ್ಮ ಬಿದ್ದದ್ದನ್ನು ಮುಚ್ಚಿಟ್ಟ ಮಗಳು

ಪ್ರಶ್ನೆ: ನನ್ನ ಮಗಳಿಗೆ 13 ವರ್ಷ, ಮಗನಿಗೆ 2 ವರ್ಷ. ಮುಂದಿನ ತಿಂಗಳಿನಿಂದ ವಾರದಲ್ಲಿ ಮೂರು ಸಂಜೆ ನಾನು ಎರಡೆರಡು ಗಂಟೆ ಕೆಲಸಕ್ಕೆ ಹೋಗಬೇಕಾಗಿದೆ. ತಮ್ಮನನ್ನು ತಾನೇ ನೋಡಿಕೊಳ್ಳುವೆನೆಂದು ಮಗಳು ಹಟ ಹಿಡಿದಿದ್ದಾಳೆ. ಆದರೆ ಹೋದ ವಾರ ಅರ್ಧ ಗಂಟೆ ಬಿಟ್ಟುಹೋದಾಗ ಮಗು ಮಂಚದಿಂದ ಬಿದ್ದಿತ್ತು, ಅವಳು ಹೇಳಲೇ ಇಲ್ಲ. ರಾತ್ರಿ ಮಗುವಿನ ತಲೆ ಸವರುವಾಗ ಬುಗುಟು ಕೈಗೆ ಸಿಕ್ಕಿತು. ಕೇಳಿದರೆ, "ನೀನು ಬೈಯುತ್ತೀಯ ಅಂತ ಹೇಳಲಿಲ್ಲ" ಎಂದು ಅತ್ತಳು. ಇವಳನ್ನು ನಂಬಿ ಮಗುವನ್ನು ಬಿಡಬಹುದೇ?

ಉತ್ತರ: ಮಗು ಬಿದ್ದದ್ದಕ್ಕಿಂತ ಅದನ್ನು ನಿಮ್ಮ ಮಗಳು ಮುಚ್ಚಿಟ್ಟದ್ದೇ ನನ್ನನ್ನು ಹೆಚ್ಚು ಚಿಂತೆಗೆ ಹಚ್ಚಿದೆ. ಎರಡು ವರ್ಷದ ಮಗು ಹೆತ್ತವರ ಕಣ್ಣೆದುರಿಗೇ ಬೀಳುತ್ತದೆ. ಆದರೆ ತಲೆಗೆ ಪೆಟ್ಟಾದ ಮಗು ಮತ್ತೆ ಮತ್ತೆ ವಾಂತಿ ಮಾಡಿಕೊಂಡರೆ, ಎಂದೂ ಇಲ್ಲದ ಮಂಪರು ಕವಿದರೆ, ನಡಿಗೆ ತಡವರಿಸಿದರೆ ತಕ್ಷಣ ವೈದ್ಯರ ಬಳಿಗೆ ಒಯ್ಯಬೇಕು. ಬಿದ್ದ ಸಂಗತಿಯೇ ತಿಳಿಯದ ನೀವು ಆ ಮಂಪರನ್ನು ನಿದ್ದೆಯೆಂದುಕೊಂಡು ಮಗುವನ್ನು ಮಲಗಿಸಿಬಿಡುವ ಸಾಧ್ಯತೆಯಿತ್ತು. ಇದನ್ನು ಮಗಳಿಗೆ ಇಂದೇ, ದನಿ ಏರಿಸದೆ, ಪಕ್ಕದಲ್ಲಿ ಕೂರಿಸಿಕೊಂಡು ವಿವರಿಸಿ. ಏನೇ ಆಗಲಿ ಮೊದಲು ನಿಮಗೆ ಫೋನ್ ಮಾಡಬೇಕು, ಮಾಡಿದ್ದಕ್ಕಾಗಿ ಎಂದೂ ಬೈಗುಳ ಬೀಳುವುದಿಲ್ಲ ಎಂಬ ಮಾತನ್ನು ಕೊಡಿ. ಲೋಟ ಒಡೆಯಿತೆಂದು ಅವಳು ಫೋನ್ ಮಾಡಿದ ದಿನವೇ ಆ ಮಾತಿನ ಪರೀಕ್ಷೆ ನಡೆಯುತ್ತದೆ. ಅಂದು ನೀವು ಸಿಡುಕಿದರೆ ಮುಂದಿನ ಬುಗುಟೂ ಕತ್ತಲಲ್ಲೇ ಉಳಿಯುತ್ತದೆ.

ವಯಸ್ಸಿನ ವಿಚಾರದಲ್ಲಿ ಎಲ್ಲರದೂ ಒಂದೇ ಮಾತಿಲ್ಲ. ಅಮೆರಿಕದ ರೆಡ್ ಕ್ರಾಸ್ ಸಂಸ್ಥೆ 11 ವರ್ಷದಿಂದಲೇ ಮಕ್ಕಳಿಗೆ ಶಿಶುಪಾಲನೆಯ ತರಬೇತಿ ಕೊಡುತ್ತದೆ. ಬ್ರಿಟನ್ನಿನ ಮಕ್ಕಳ ರಕ್ಷಣಾ ಸಂಸ್ಥೆಯಾದ ಎನ್‌ಎಸ್‌ಪಿಸಿಸಿ, ಮಗುವನ್ನು ನೋಡಿಕೊಳ್ಳುವವರು 16 ತುಂಬಿದವರಾಗಿರುವುದು ಒಳ್ಳೆಯದೆನ್ನುತ್ತದೆ. ನನ್ನ ಮಟ್ಟಿಗೆ, ಹದಿಮೂರರ ಹುಡುಗಿ ಕಲಿಯಬಲ್ಲಳು, ಆದರೆ ಕಲಿಸದೆ ಹೊರಿಸಬಾರದು. ಹೊಣೆ ಕೊನೆಯವರೆಗೂ ನಿಮ್ಮದೇ.

ಕಲಿಕೆ ನೆಲದಿಂದ ಆರಂಭವಾಗಲಿ. ಮಗಳನ್ನು ತಮ್ಮನ ಎತ್ತರಕ್ಕೆ ಮಂಡಿಯೂರಿಸಿ, ಕೋಣೆಯನ್ನೆಲ್ಲ ಒಮ್ಮೆ ತೆವಳಿಸಿ ತೋರಿಸಿ. ಮಂಚದ ಕೆಳಗಿನ ನಾಣ್ಯ, ಪೆನ್ನಿನ ಮುಚ್ಚಳ, ಮೇಜಿನ ಅಂಚಿನಿಂದ ಜೋತುಬಿದ್ದ ವಯರು, ಕೈಗೆಟಕುವ ಬಿಸಿ ಲೋಟ ಆಗಷ್ಟೇ ಅವಳ ಕಣ್ಣಿಗೆ ಬೀಳುತ್ತವೆ. ಟಾಯ್ಲೆಟ್ ಪೇಪರಿನ ಒಳಗಿನ ರಟ್ಟಿನ ಕೊಳವೆಯಲ್ಲಿ ಹಿಡಿಯುವ ಯಾವ ವಸ್ತುವೂ ಮೂರು ವರ್ಷದೊಳಗಿನ ಮಗುವಿನ ಗಂಟಲಿಗೆ ಅಪಾಯವೆಂಬುದು ಅವಳೇ ಅಳೆದು ನೋಡಬಹುದಾದ ಲೆಕ್ಕ. ರಿಮೋಟಿನಲ್ಲಿರುವ ಗುಂಡಿಯಾಕಾರದ ಬ್ಯಾಟರಿ ಇನ್ನೂ ಘೋರ: ನುಂಗಿದ ಮಗುವಿನ ಅನ್ನನಾಳವನ್ನು ಎರಡೇ ಗಂಟೆಗಳಲ್ಲಿ ಸುಡಬಲ್ಲದು. ನುಂಗಿದೆಯೆಂಬ ಅನುಮಾನ ಬಂದರೂ ಆಸ್ಪತ್ರೆಗೆ ಓಡಬೇಕು. ಕೆಲವೇ ಸೆಂಟಿಮೀಟರ್ ನೀರಿದ್ದರೂ ಮಗು ಮುಳುಗಬಲ್ಲದು, ಅದೂ ಸದ್ದಿಲ್ಲದೆ; ಆದ್ದರಿಂದ ನೀವು ಹೊರಡುವ ಮುನ್ನ ಬಕೆಟ್ಟುಗಳು ಖಾಲಿಯಾಗಿರಲಿ, ಸ್ನಾನ ಮಾಡಿಸುವುದು ಮತ್ತು ಒಲೆ ಹಚ್ಚುವುದು ಅವಳ ಕೆಲಸದ ಪಟ್ಟಿಯಲ್ಲಿ ಬೇಡವೇ ಬೇಡ.

ಉಸಿರುಗಟ್ಟಿದಾಗ ಏನು ಮಾಡಬೇಕೆಂಬುದನ್ನು ಬಾಯಿಮಾತಿನಲ್ಲಿ ಹೇಳಿದರೆ ಸಾಲದು. ಪ್ರಥಮ ಚಿಕಿತ್ಸೆಯ ತರಗತಿಯಲ್ಲಿ ಗೊಂಬೆಯ ಮೇಲೆ ಅಭ್ಯಾಸ ಮಾಡಿಸಿ, ಸಾಧ್ಯವಾದರೆ ನೀವೂ ಜೊತೆಗಿರಿ. ಜೋರಾಗಿ ಕೆಮ್ಮುತ್ತಿರುವ ಮಗುವನ್ನು ಕೆಮ್ಮಲು ಬಿಡಬೇಕು. ದನಿಯೇ ಹೊರಡದಿದ್ದರೆ ಭುಜದ ಎಲುಬುಗಳ ನಡುವೆ 5 ಬಾರಿ ಅಂಗೈ ಬುಡದಿಂದ ಗುದ್ದಿ, ಒಂದು ವರ್ಷ ದಾಟಿದ ಮಗುವಾದರೆ 5 ಬಾರಿ ಹೊಟ್ಟೆಯನ್ನು ಒಳಕ್ಕೂ ಮೇಲಕ್ಕೂ ಒತ್ತಬೇಕು. ಕಾಣದ ವಸ್ತುವಿಗಾಗಿ ಬಾಯೊಳಗೆ ಬೆರಳು ಹಾಕಿ ತಡಕಿದರೆ ಅದು ಇನ್ನಷ್ಟು ಒಳಕ್ಕೆ ಹೋಗಬಹುದು.

ಗಾಬರಿಯಷ್ಟೇ ಅಪಾಯಕಾರಿಯಾದದ್ದು ಸಿಟ್ಟು. ಎಷ್ಟು ರಮಿಸಿದರೂ ಅಳು ನಿಲ್ಲದಾಗ ತನಗೆ ಕೋಪ ಬರುವುದು ತಪ್ಪಲ್ಲವೆಂದೂ, ಆದರೆ ಮಗುವನ್ನು ಎಂದೂ ಜೋರಾಗಿ ಅಲುಗಾಡಿಸಬಾರದು, ಮಿದುಳಿಗೆ ಪೆಟ್ಟಾಗುತ್ತದೆಂದೂ ಅವಳಿಗೆ ಮೊದಲೇ ತಿಳಿದಿರಲಿ. ಸುರಕ್ಷಿತ ಜಾಗದಲ್ಲಿ ಮಗುವನ್ನು ಬಿಟ್ಟು, ನಾಲ್ಕು ಹೆಜ್ಜೆ ಹಿಂದೆ ಸರಿದು ನಿಮಗೆ ಫೋನ್ ಮಾಡಲಿ.

ಇನ್ನು ಅವಳ ಹಟ. ಈಗ ಉತ್ಸಾಹವಿದೆ, ಮೂರನೇ ವಾರಕ್ಕೆ ಬೇಸರ ಬರಬಹುದು, ಪರೀಕ್ಷೆ ಬರಬಹುದು, ಜ್ವರವೂ ಬರಬಹುದು. "ಇವತ್ತು ನನ್ನಿಂದಾಗುವುದಿಲ್ಲ" ಎನ್ನುವ ಹಕ್ಕು ಅವಳಿಗಿರಬೇಕು. ಆ ದಿನಕ್ಕೆ ಬೇರೆ ವ್ಯವಸ್ಥೆ ನಿಮ್ಮಲ್ಲಿರಬೇಕು. ಅವಳೂ ಇನ್ನೂ ಮಗುವೇ.

ನಂಬಬಹುದೇ ಎಂದು ಕೇಳಿದ್ದೀರಿ. ನಂಬಬಹುದು, ಆದರೆ ಮುಂದಿನ ತಿಂಗಳಿಗಲ್ಲ. ಮೊದಲ ಕೆಲವು ವಾರ ನೀವು ಮನೆಯಲ್ಲೇ ಪಕ್ಕದ ಕೋಣೆಯಲ್ಲಿದ್ದು ಪೂರ್ತಿ ಉಸ್ತುವಾರಿಯನ್ನು ಅವಳಿಗೆ ಬಿಡಿ. ಆಮೇಲೆ ಹದಿನೈದು ನಿಮಿಷ, ಅರ್ಧ ಗಂಟೆ, ಒಂದು ಗಂಟೆ ಎಂದು ಹೊರಗೆ ಹೋಗಿ ಬನ್ನಿ. ಕರೆದರೆ ಐದು ನಿಮಿಷದಲ್ಲಿ ಓಡಿಬರಬಲ್ಲ ಹಿರಿಯರೊಬ್ಬರು ಹತ್ತಿರವಿರಲಿ. ಅವರ ಫೋನ್ ನಂಬರು, ತುರ್ತು ಸೇವೆಯ ನಂಬರು ಮತ್ತು ಮನೆಯ ಪೂರ್ಣ ವಿಳಾಸವನ್ನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ. ಅಲ್ಲಿಯವರೆಗೆ ಆ ಮೂರು ಸಂಜೆಗಳಲ್ಲಿ ವಯಸ್ಕರೊಬ್ಬರು ಮನೆಯಲ್ಲಿರುವಂತೆ ನೋಡಿಕೊಳ್ಳಿ.